ಇಕ್ಕಟ್ಟಿನ ಹೊತ್ತಿನ ನಿರ್ಧಾರ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನು ಮಾಡಿ, "ನೀನು ಕಂಪ್ಯೂಟರ್ ಕೆಲಸದಲ್ಲಿದ್ದೀಯ. ಮಕ್ಕಳಿಗೂ ದೊಡ್ಡವರಿಗೂ ಉಪಯೋಗ ಆಗುವಂಥದ್ದು ಏನಾದರೂ ಮಾತಾಡು" ಎಂದರು. ಮೊಬೈಲು, ಕಂಪ್ಯೂಟರ್ ವಿಷಯದಲ್ಲಿ ಈಗಿನ ಮಕ್ಕಳಿಗೆ ನಾನು ಹೇಳಿಕೊಡಬೇಕಾದದ್ದು ಹೆಚ್ಚಿಲ್ಲ. ಆದ್ದರಿಂದ ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಸಮಯ ಇಲ್ಲ, ಪೂರ್ತಿ ಮಾಹಿತಿ ಇಲ್ಲ, ತಪ್ಪಿದರೆ ಜೀವಕ್ಕೇ ಅಪಾಯ. ಅಂಥ ಹೊತ್ತಿನಲ್ಲಿ ಅನುಭವಸ್ಥರು ಹೇಗೆ ನಿರ್ಧಾರ ಮಾಡುತ್ತಾರೆ? ಅದನ್ನು ನಾವು ಕಲಿಯಲು ಸಾಧ್ಯವೇ? ಇದು ನನ್ನ ಇವತ್ತಿನ ಮಾತಿನ ವಿಷಯ.

ಇದು ಮಂತ್ರಿಗಳಿಗೂ ಸೇನಾಪತಿಗಳಿಗೂ ಸಂಬಂಧಪಟ್ಟದ್ದು, ನಮಗೇನು ಎಂದು ನಿಮಗೆ ಅನ್ನಿಸಬಹುದು. ಆದರೆ ಯೋಚಿಸಿ ನೋಡಿ. ಮಧ್ಯರಾತ್ರಿ ಸೊಸೆಗೆ ಹೆರಿಗೆ ನೋವು ಶುರುವಾದ ಮನೆಯ ಅತ್ತೆ, ಗದ್ದೆಯಲ್ಲಿ ಹಾವು ಕಚ್ಚಿದವನ ಪಕ್ಕದಲ್ಲಿ ನಿಂತ ಅಣ್ಣ, ಘಾಟಿಯಲ್ಲಿ ಬ್ರೇಕು ಸರಿಯಾಗಿ ಹಿಡಿಯದ ಬಸ್ಸಿನ ಚಾಲಕ, ಜೋರು ಮಳೆಯಲ್ಲಿ ಮಕ್ಕಳನ್ನು ಮನೆಗೆ ಬಿಡಬೇಕೋ ಬೇಡವೋ ಎಂದು ನೋಡುತ್ತಿರುವ ಮೇಷ್ಟ್ರು, ಇವರೆಲ್ಲ ಆ ಹೊತ್ತಿಗೆ ನಾಯಕರೇ. ಅವರಿಗೆ ಯಾರೂ ಹಾರ ಹಾಕಿರುವುದಿಲ್ಲ, ಆದರೆ ಅವರ ಮಾತಿನ ಮೇಲೆ ಇನ್ನೊಬ್ಬರ ಪ್ರಾಣ ನಿಂತಿರುತ್ತದೆ.

ಮೊದಲು ನನ್ನ ವೃತ್ತಿಗೆ ಹತ್ತಿರವಾದ ಒಂದು ಘಟನೆ ಹೇಳುತ್ತೇನೆ. 1969ರ ಜುಲೈ 20. ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಇದ್ದ ಅಪೋಲೊ 11ರ ನೌಕೆ ಚಂದ್ರನ ಕಡೆಗೆ ಇಳಿಯುತ್ತಿತ್ತು. ಚಂದ್ರನ ನೆಲ ಇನ್ನೂ ಸುಮಾರು 10 ಕಿಲೋಮೀಟರ್ ಕೆಳಗಿದೆ. ಅಷ್ಟರಲ್ಲಿ ನೌಕೆಯ ಕಂಪ್ಯೂಟರು ಎಚ್ಚರಿಕೆ ಕೊಟ್ಟು 1202 ಎಂಬ ಒಂದು ಸಂಖ್ಯೆ ತೋರಿಸಿತು. ಅದರ ಅರ್ಥ ಒಳಗಿದ್ದ ಇಬ್ಬರಿಗೂ ನೆನಪಿಗೆ ಬರಲಿಲ್ಲ. ಆರ್ಮ್‌ಸ್ಟ್ರಾಂಗ್ ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರವನ್ನು ಕೇಳಿದರು. ಇಳಿಯುವುದನ್ನು ಮುಂದುವರಿಸಬೇಕೋ, ಬಿಟ್ಟು ಮೇಲಕ್ಕೆ ಹಾರಬೇಕೋ? ನೌಕೆ ಇಳಿಯುತ್ತಲೇ ಇತ್ತು. ಇಂಧನ ಖರ್ಚಾಗುತ್ತಲೇ ಇತ್ತು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಿದ್ದವರು ಸ್ಟೀವ್ ಬೇಲ್ಸ್ ಎಂಬ 26 ವರ್ಷದ ಎಂಜಿನಿಯರ್. ಅವರಿಗೆ ಹಿಂದಿನ ಕೋಣೆಯಿಂದ ನೆರವಾಗುತ್ತಿದ್ದವರು 24 ವರ್ಷದ ಜಾಕ್ ಗಾರ್ಮನ್. ಇಡೀ ಕೋಣೆಯ ಮುಖ್ಯಸ್ಥ ಜೀನ್ ಕ್ರಾಂಝ್ ಅವರಿಗೆ ಆಗ 35 ವರ್ಷ. ಸುಮಾರು ಅರ್ಧ ನಿಮಿಷದಲ್ಲಿ ಉತ್ತರ ಹೋಯಿತು: ಮುಂದುವರಿಯಿರಿ. ಆ ಎಚ್ಚರಿಕೆ ಮತ್ತೆ ಮತ್ತೆ ಬಂತು. ಪ್ರತಿ ಸಲವೂ ಅದೇ ಉತ್ತರ. ಕೊನೆಗೆ ಬಂಡೆಗಳಿದ್ದ ಜಾಗವನ್ನು ದಾಟಿಸಿ, ಇಂಧನ ಇನ್ನು ಮೂವತ್ತು ಸೆಕೆಂಡಿನಷ್ಟೇ ಎಂಬ ಎಚ್ಚರಿಕೆ ಕೇಳಿದ ಮೇಲೆ ಆರ್ಮ್‌ಸ್ಟ್ರಾಂಗ್ ನೌಕೆಯನ್ನು ಇಳಿಸಿದರು.

ಹೊರಗಿನಿಂದ ನೋಡಿದರೆ ಇದು ಎದೆಗಾರಿಕೆಯ ಕಥೆ. ಇಪ್ಪತ್ತಾರು ವರ್ಷದ ಹುಡುಗ ಧೈರ್ಯ ಮಾಡಿ 'ಹೂಂ' ಎಂದ ಎಂದು ಹೇಳಿ ಮುಗಿಸಬಹುದು. ಆದರೆ ಅದಕ್ಕೆ ಹದಿನೈದು ದಿನ ಹಿಂದೆ ನಡೆದದ್ದನ್ನು ಕೇಳಿದರೆ ನಿಜ ಸಂಗತಿ ತಿಳಿಯುತ್ತದೆ. ಜುಲೈ 5ರಂದು ಅದೇ ಕೋಣೆಯಲ್ಲಿ ಇಳಿಯುವ ಅಭ್ಯಾಸ ನಡೆದಿತ್ತು. ಅಭ್ಯಾಸ ಮಾಡಿಸುವವರು ಬೇಕೆಂದೇ ಇಂಥದ್ದೇ ಒಂದು ಎಚ್ಚರಿಕೆಯನ್ನು ಅದರಲ್ಲಿ ಸೇರಿಸಿದ್ದರು. ಆ ದಿನ ಬೇಲ್ಸ್ ಅವರು ಇಳಿಯುವುದು ಬೇಡ, ವಾಪಸ್ಸು ಬನ್ನಿ ಎಂದುಬಿಟ್ಟರು. ಅಭ್ಯಾಸ ಮುಗಿದ ಮೇಲೆ ಪರೀಕ್ಷಕರು, ಅದು ಬಿಟ್ಟು ಬರಬೇಕಾದ ಎಚ್ಚರಿಕೆ ಆಗಿರಲಿಲ್ಲ ಎಂದರು.

ಕ್ರಾಂಝ್ ಅಲ್ಲಿ ಯಾರನ್ನೂ ಬೈದು ಸುಮ್ಮನಾಗಲಿಲ್ಲ. ಕಂಪ್ಯೂಟರು ಕೊಡಬಹುದಾದ ಪ್ರತಿಯೊಂದು ಎಚ್ಚರಿಕೆಯನ್ನೂ ಕೂತು ನೋಡಿ, ಯಾವುದಕ್ಕೆ ಏನು ಮಾಡಬೇಕು ಎಂದು ಬರೆದಿಡಿ ಎಂದು ಹೇಳಿದರು. ಗಾರ್ಮನ್ ಕೈಬರಹದಲ್ಲಿ ಒಂದು ಪಟ್ಟಿ ಮಾಡಿ ತಮ್ಮ ಮೇಜಿನ ಮೇಲಿನ ಪಾರದರ್ಶಕ ಹಾಳೆಯ ಕೆಳಗೆ ಇಟ್ಟುಕೊಂಡರು. 1202 ಎಂದರೆ ಕಂಪ್ಯೂಟರಿಗೆ ಕೈತುಂಬ ಕೆಲಸ ಬಂದಿದೆ, ಅದು ಮುಖ್ಯವಲ್ಲದ ಕೆಲಸಗಳನ್ನು ಬದಿಗೆ ಸರಿಸಿ ಮುಖ್ಯವಾದದ್ದನ್ನು ಮತ್ತೆ ಹಿಡಿದುಕೊಳ್ಳುತ್ತಿದೆ ಎಂದು ಅರ್ಥ. ಎಡೆಬಿಡದೆ ಬರದಿದ್ದರೆ, ಬೇರೆ ಲೆಕ್ಕಗಳು ಸರಿಯಿದ್ದರೆ, ಮುಂದೆ ಹೋಗಬಹುದು. ಜುಲೈ 20ರಂದು ಬೇಲ್ಸ್ ಮತ್ತು ಗಾರ್ಮನ್ ಹೊಸದಾಗಿ ಯೋಚನೆ ಮಾಡಬೇಕಾಗಿರಲಿಲ್ಲ. ಯೋಚನೆ ಆಗಲೇ ಮುಗಿದಿತ್ತು. ಪಟ್ಟಿಯಲ್ಲಿ ಹೇಳಿದ ಪರಿಸ್ಥಿತಿ ಇದೆಯೋ ಇಲ್ಲವೋ ಎಂದು ನೋಡುವುದಷ್ಟೇ ಬಾಕಿ ಇತ್ತು.

ಆ ಕಂಪ್ಯೂಟರಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅದರಲ್ಲಿ ಲೆಕ್ಕ ಬರೆದು ಅಳಿಸಲು ಇದ್ದ ಜಾಗ ಎರಡು ಸಾವಿರ ಪದಗಳಷ್ಟು. ನಿಮ್ಮ ಕೈಯ ಮೊಬೈಲಿನ ಮುಂದೆ ಅದು ಏನೇನೂ ಅಲ್ಲ. ಆದರೆ ಅದನ್ನು ಬರೆದ ಎಂಜಿನಿಯರುಗಳು, ಒಂದು ದಿನ ಹೊರೆ ಹೆಚ್ಚಾದರೆ ಯಾವ ಕೆಲಸ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಮೊದಲೇ ತೀರ್ಮಾನಿಸಿ ಇಟ್ಟಿದ್ದರು. ಕಂಪ್ಯೂಟರೂ ಮನುಷ್ಯರೂ ಆ ದಿನ ಗೆದ್ದದ್ದು ಒಂದೇ ಕಾರಣದಿಂದ. ಇಕ್ಕಟ್ಟು ಬರುವ ಮೊದಲೇ ಇಕ್ಕಟ್ಟಿನ ಬಗ್ಗೆ ಯೋಚಿಸಿದ್ದರು.

ಎಲ್ಲ ಇಕ್ಕಟ್ಟಿಗೂ ಪಟ್ಟಿ ಮಾಡಿಡಲು ಆಗುವುದಿಲ್ಲವಲ್ಲ, ಆಗ ಏನು? ಈ ಪ್ರಶ್ನೆಯನ್ನು ಹಿಡಿದು ಹೊರಟವರು ಗ್ಯಾರಿ ಕ್ಲೈನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. 1980ರ ದಶಕದಲ್ಲಿ ಅವರು ಅಗ್ನಿಶಾಮಕ ದಳದ ಅನುಭವಿ ಮುಖ್ಯಸ್ಥರನ್ನು ಮಾತಾಡಿಸಿದರು. ಇಂಥವರು ಎರಡು ದಾರಿಗಳನ್ನಾದರೂ ಅಕ್ಕಪಕ್ಕ ಇಟ್ಟು ತೂಗಿ ನೋಡುತ್ತಾರೆ ಎಂದು ಅವರು ಅಂದುಕೊಂಡಿದ್ದರು. ಆ ಮುಖ್ಯಸ್ಥರು ಹೇಳಿದ್ದೇ ಬೇರೆ. ನಾವು ಹಾಗೆ ಹೋಲಿಸಿ ನೋಡುವುದೇ ಇಲ್ಲ, ನೋಡಿದ ಕೂಡಲೇ ಏನು ಮಾಡಬೇಕೆಂದು ತಿಳಿಯುತ್ತದೆ ಎಂದರು.

ಕ್ಲೈನ್ ಇನ್ನೂ ಕೆದಕಿದಾಗ ಒಳಗಿನ ಕ್ರಮ ತಿಳಿಯಿತು. ಅನುಭವಸ್ಥ ಮೊದಲು ಪರಿಸ್ಥಿತಿಯ ಗುರುತು ಹಿಡಿಯುತ್ತಾನೆ. ಇದು ಹಿಂದೆ ಕಂಡ ಯಾವ ಜಾತಿಯ ಬೆಂಕಿ ಎಂದು ಹೊಗೆಯ ಬಣ್ಣದಿಂದ, ಶಬ್ದದಿಂದ, ಶಾಖದಿಂದ ತಿಳಿಯುತ್ತದೆ. ತಿಳಿದೊಡನೆ ಹಿಂದೆ ಕೆಲಸ ಮಾಡಿದ ಒಂದು ದಾರಿ ಮನಸ್ಸಿಗೆ ಬರುತ್ತದೆ. ಅದನ್ನು ಕಣ್ಣು ಮುಚ್ಚಿ ಹಿಡಿಯುವುದಿಲ್ಲ. ಹೀಗೆ ಮಾಡಿದರೆ ಮುಂದೆ ಏನಾಗುತ್ತದೆ ಎಂದು ಮನಸ್ಸಿನಲ್ಲೇ ಒಮ್ಮೆ ನಡೆಸಿ ನೋಡುತ್ತಾನೆ. ಎಲ್ಲೂ ತೊಡಕು ಕಾಣದಿದ್ದರೆ ಹೊರಡುತ್ತಾನೆ. ತೊಡಕು ಕಂಡರೆ ಸ್ವಲ್ಪ ತಿದ್ದುತ್ತಾನೆ, ಇಲ್ಲವೇ ಮುಂದಿನ ದಾರಿ ನೋಡುತ್ತಾನೆ. ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂದು ಹುಡುಕುತ್ತಾ ಕೂರುವುದಿಲ್ಲ. ಕೆಲಸಕ್ಕೆ ಬರುವ ಮೊದಲ ದಾರಿ ಸಾಕು.

ಕ್ಲೈನ್ ಹೇಳುವ ಒಂದು ಪ್ರಸಂಗ ತುಂಬ ಪ್ರಸಿದ್ಧ. ಒಂದು ಅಂತಸ್ತಿನ ಮನೆಯ ಅಡುಗೆಮನೆಗೆ ಬೆಂಕಿ ಬಿದ್ದಿತ್ತು. ದಳದ ಮುಖ್ಯಸ್ಥ ತನ್ನವರೊಂದಿಗೆ ಒಳಗೆ ಹೋಗಿ ನೀರು ಹೊಡೆಸಿದ. ಬೆಂಕಿ ತಗ್ಗಲಿಲ್ಲ. ಪಡಸಾಲೆ ಇರಬೇಕಾದದ್ದಕ್ಕಿಂತ ಬಿಸಿಯಾಗಿತ್ತು, ಅಷ್ಟು ಬಿಸಿಗೆ ಕೇಳಬೇಕಾದ ಸದ್ದು ಇರಲಿಲ್ಲ. ಏನೋ ಸರಿಯಿಲ್ಲ ಅನ್ನಿಸಿ ಎಲ್ಲರನ್ನೂ ಹೊರಗೆ ಕರೆದ. ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಅವರು ನಿಂತಿದ್ದ ನೆಲ ಕುಸಿಯಿತು. ನಿಜವಾದ ಬೆಂಕಿ ಇದ್ದದ್ದು ಕೆಳಗಿನ ನೆಲಮಾಳಿಗೆಯಲ್ಲಿ. ಅಲ್ಲೊಂದು ನೆಲಮಾಳಿಗೆ ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಅವನು ಅದನ್ನು ತನ್ನ ಅತೀಂದ್ರಿಯ ಶಕ್ತಿ ಎಂದುಕೊಂಡಿದ್ದ. ಆದರೆ ನೂರಾರು ಬೆಂಕಿ ಕಂಡ ಅವನ ಮನಸ್ಸು, ಈ ಬೆಂಕಿ ಆ ಲೆಕ್ಕಕ್ಕೆ ಹೊಂದುವುದಿಲ್ಲ ಎಂಬುದನ್ನು ಹಿಡಿದಿತ್ತು. ಕಾರಣ ತಿಳಿಯದಿದ್ದರೂ, ಹೊಂದುತ್ತಿಲ್ಲ ಎಂಬುದೇ ಹೊರಡಲು ಸಾಕಾದ ಕಾರಣವಾಗಿತ್ತು.

ಇದನ್ನು ನಾನು ನನ್ನ ಕೆಲಸದಲ್ಲೂ ನೋಡಿದ್ದೇನೆ. ನಾನು ಕೆಲಸ ಮಾಡಿದ ಕಡೆ ಒಮ್ಮೆ ರಾತ್ರಿ ಹಣ ಪಾವತಿಯ ವ್ಯವಸ್ಥೆ ನಿಂತುಹೋಯಿತು. ಫೋನಿನಲ್ಲಿ ಹತ್ತು ಜನ ಎಂಜಿನಿಯರುಗಳು, ಹತ್ತು ಊಹೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಎಲ್ಲರ ಮಾತನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಸಂಜೆಯಿಂದ ಈಚೆಗೆ ಏನು ಬದಲಾಗಿದೆ?" ಆರು ಗಂಟೆಗೆ ಒಂದು ಸಣ್ಣ ಬದಲಾವಣೆ ಹೋಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲವೆಂದು ಕೆಲವರು ವಾದಿಸಿದರು. "ಸಂಬಂಧ ಇದೆಯೋ ಇಲ್ಲವೋ ನಾಳೆ ನೋಡೋಣ. ಮೊದಲು ಅದನ್ನು ಹಿಂದಕ್ಕೆ ತೆಗೆಯಿರಿ" ಎಂದರು. ಹಿಂದಕ್ಕೆ ತೆಗೆದ ಕೆಲವೇ ನಿಮಿಷಗಳಲ್ಲಿ ವ್ಯವಸ್ಥೆ ಸರಿಹೋಯಿತು. ಕಾರಣ ಹುಡುಕಲು ಮಾರನೇ ದಿನ ಪೂರ್ತಿ ಬೇಕಾಯಿತು. ಬೆಂಕಿ ಆರಿಸುವುದು ಒಂದು ಕೆಲಸ, ಬೆಂಕಿ ಯಾಕೆ ಬಿತ್ತು ಎಂದು ತಿಳಿಯುವುದು ಇನ್ನೊಂದು ಕೆಲಸ ಎಂದು ನಾನು ಆ ರಾತ್ರಿ ಕಲಿತೆ.

ಇನ್ನೊಂದು ಘಟನೆ ನಿಮ್ಮಲ್ಲಿ ಹಲವರು ಸಿನಿಮಾದಲ್ಲಿ ನೋಡಿರಬಹುದು. 2009ರ ಜನವರಿ 15ರಂದು ನ್ಯೂಯಾರ್ಕಿನ ಲಗಾರ್ಡಿಯ ನಿಲ್ದಾಣದಿಂದ ಹೊರಟ ಯುಎಸ್ ಏರ್‌ವೇಸ್ ವಿಮಾನಕ್ಕೆ ಮೇಲೇರುತ್ತಿರುವಾಗಲೇ ಹೆಬ್ಬಾತುಗಳ ಹಿಂಡು ಬಡಿಯಿತು. ಎರಡೂ ಎಂಜಿನ್ನುಗಳು ಶಕ್ತಿ ಕಳೆದುಕೊಂಡವು. ಆಗ ವಿಮಾನ ಇದ್ದದ್ದು ಸುಮಾರು 2,800 ಅಡಿ ಎತ್ತರದಲ್ಲಿ, ಒಳಗೆ 155 ಜನ. ಹಕ್ಕಿ ಬಡಿದಲ್ಲಿಂದ ವಿಮಾನ ಹಡ್ಸನ್ ನದಿಯ ನೀರಿಗೆ ಇಳಿಯುವವರೆಗೆ ಹಿಡಿದ ಸಮಯ 208 ಸೆಕೆಂಡ್. 155 ಜನರೂ ಬದುಕಿದರು.

ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್ ಆ ಮೂರೂವರೆ ನಿಮಿಷದಲ್ಲಿ ಮಾಡಿದ್ದನ್ನು ಗಮನಿಸಿ. ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡರು. ಎಂಜಿನ್ ಮತ್ತೆ ಶುರು ಮಾಡುವ ಪಟ್ಟಿಯನ್ನು ಸಹ ಪೈಲಟ್ ಜೆಫ್ರಿ ಸ್ಕೈಲ್ಸ್ ಓದತೊಡಗಿದರು. ಒಬ್ಬರು ಹಾರಿಸುವುದು, ಇನ್ನೊಬ್ಬರು ದುರಸ್ತಿಗೆ ಪ್ರಯತ್ನಿಸುವುದು ಎಂದು ಕೆಲಸ ಹಂಚಿಹೋಯಿತು. ಆ ಪಟ್ಟಿಯನ್ನು ತುಂಬ ಎತ್ತರದಲ್ಲಿ ಎಂಜಿನ್ ನಿಂತರೆ ಎಂದು ಬರೆದದ್ದು. ಪೂರ್ತಿ ಓದಿ ಮುಗಿಸಲು ಸಮಯವೇ ಇರಲಿಲ್ಲ. ಹಾಗಾಗಿ ಕ್ಯಾಪ್ಟನ್ ಪಟ್ಟಿಯಲ್ಲಿ ಎಷ್ಟೋ ಕೆಳಗಿದ್ದ ಒಂದು ಕೆಲಸವನ್ನು, ಅಂದರೆ ವಿದ್ಯುತ್ ಕೊಡುವ ಸಣ್ಣ ಸಹಾಯಕ ಎಂಜಿನ್ನನ್ನು ಶುರು ಮಾಡುವುದನ್ನು, ಮೊದಲೇ ಮಾಡಿಬಿಟ್ಟರು. ನಿಯಂತ್ರಕರು ನಿಲ್ದಾಣಕ್ಕೆ ವಾಪಸ್ಸು ಬನ್ನಿ ಎಂದರು, ಇನ್ನೊಂದು ನಿಲ್ದಾಣ ತೋರಿಸಿದರು. ಅಲ್ಲಿಗೆ ಮುಟ್ಟುವುದಿಲ್ಲ ಎಂದು ಕ್ಯಾಪ್ಟನ್ ನದಿಯನ್ನು ಆರಿಸಿಕೊಂಡರು.

ಆಮೇಲೆ ತನಿಖೆಯಲ್ಲಿ, ಯಂತ್ರದ ಮುಂದೆ ಕೂತ ಪೈಲಟ್ಟುಗಳು ಹಕ್ಕಿ ಬಡಿದ ಕ್ಷಣದಲ್ಲೇ ತಿರುಗಿಸಿದರೆ ನಿಲ್ದಾಣ ತಲುಪಬಹುದು ಎಂದು ಕಂಡಿತು. ಆದರೆ ಮನುಷ್ಯ ನೋಡಿ, ನಂಬಿ, ತೀರ್ಮಾನಿಸಲು ಬೇಕಾದ 35 ಸೆಕೆಂಡನ್ನು ಸೇರಿಸಿದಾಗ ವಿಮಾನ ನಿಲ್ದಾಣ ತಲುಪಲಿಲ್ಲ. ಕುರ್ಚಿಯಲ್ಲಿ ಕೂತು ಇನ್ನೊಬ್ಬರ ನಿರ್ಧಾರವನ್ನು ವಿಮರ್ಶೆ ಮಾಡುವಾಗ ನಾವೆಲ್ಲ ಈ 35 ಸೆಕೆಂಡನ್ನು ಮರೆಯುತ್ತೇವೆ.

ಸಲೆನ್‌ಬರ್ಗರ್ ಆಮೇಲೆ ಒಂದು ಮಾತು ಹೇಳಿದರು. ನಾನು ನಲವತ್ತೆರಡು ವರ್ಷ ಅನುಭವದ ಬ್ಯಾಂಕಿನಲ್ಲಿ ಸಣ್ಣ ಸಣ್ಣ ಠೇವಣಿ ಇಡುತ್ತಾ ಬಂದಿದ್ದೆ, ಆ ದಿನ ಒಮ್ಮೆಗೇ ದೊಡ್ಡ ಮೊತ್ತ ತೆಗೆಯಲು ಸಾಧ್ಯವಾಯಿತು ಎಂಬ ಅರ್ಥದ ಮಾತು ಅದು. ನಮ್ಮ ಭಾಗದಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ದಿನಕ್ಕೆ ಹತ್ತಿಪ್ಪತ್ತು ರೂಪಾಯಿ ಪಿಗ್ಮಿ ಕಟ್ಟಿ ಮಗಳ ಮದುವೆ ಮಾಡಿದವರು ಈ ಸಭೆಯಲ್ಲೇ ಇದ್ದಾರೆ.

ಈಗ ಸೋತ ಕಥೆಯನ್ನೂ ಹೇಳಬೇಕು. ಗೆದ್ದವರ ಕಥೆಯನ್ನೇ ಹೇಳಿದರೆ ಮಕ್ಕಳಿಗೆ ಅರ್ಧ ಪಾಠ ಮಾತ್ರ ಸಿಗುತ್ತದೆ. 1979ರ ಆಗಸ್ಟ್ 10. ಶ್ರೀಹರಿಕೋಟದಲ್ಲಿ ನಮ್ಮ ದೇಶದ ಮೊದಲ ಉಪಗ್ರಹ ವಾಹನ ಎಸ್‌ಎಲ್‌ವಿ-3 ಹಾರಲು ನಿಂತಿತ್ತು. ಯೋಜನಾ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಕಲಾಂ ಅವರೇ ಭಾಷಣಗಳಲ್ಲಿ ಹೇಳುತ್ತಿದ್ದ ಪ್ರಕಾರ, ಉಡಾವಣೆಗೆ ಇನ್ನೇನು ಸ್ವಲ್ಪವೇ ಸಮಯ ಇದೆ ಎನ್ನುವಾಗ ಕಂಪ್ಯೂಟರು ತಡೆ ಹಾಕಿತು. ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆ ಕಾಣಿಸಿತ್ತು. ಜೊತೆಯಲ್ಲಿದ್ದ ಪರಿಣತರು ಲೆಕ್ಕ ಹಾಕಿ, ಸೋರಿದರೂ ಉಳಿದದ್ದು ಸಾಕಾಗುತ್ತದೆ ಎಂದರು. ಕಲಾಂ ಕಂಪ್ಯೂಟರನ್ನು ಬದಿಗಿಟ್ಟು ಉಡಾಯಿಸಲು ತೀರ್ಮಾನಿಸಿದರು. ಮೊದಲ ಹಂತ ಚೆನ್ನಾಗಿ ಹೋಯಿತು. ಎರಡನೇ ಹಂತ ಹಿಡಿತ ತಪ್ಪಿತು. 317 ಸೆಕೆಂಡಿಗೆ ಹಾರಾಟ ಮುಗಿದು ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿತ್ತು.

ಅಲ್ಲಿ ಹ್ಯೂಸ್ಟನ್ನಿನಲ್ಲಿ ಕಂಪ್ಯೂಟರಿನ ಎಚ್ಚರಿಕೆಯನ್ನು ದಾಟಿ ಹೋದವರು ಗೆದ್ದರು. ಇಲ್ಲಿ ದಾಟಿ ಹೋದವರು ಸೋತರು. ಎರಡು ಕಡೆಯೂ ಬುದ್ಧಿವಂತರೇ ಇದ್ದರು, ಪ್ರಾಮಾಣಿಕರೇ ಇದ್ದರು. ನನಗೆ ಕಾಣುವ ವ್ಯತ್ಯಾಸ ಇಷ್ಟು. ಅಲ್ಲಿ ಆ ಪ್ರಶ್ನೆಯನ್ನು ಹದಿನೈದು ದಿನ ಮೊದಲೇ ಸಮಾಧಾನವಾಗಿ ಕೂತು ಬಿಡಿಸಿದ್ದರು. ಇಲ್ಲಿ ಆ ಪ್ರಶ್ನೆ ಕೊನೆಯ ಗಳಿಗೆಯಲ್ಲಿ ಹುಟ್ಟಿತು, ಉತ್ತರವನ್ನೂ ಆಗಲೇ ಹುಡುಕಬೇಕಾಯಿತು. ಅಲ್ಲದೆ ಇದು ಆ ರಾಕೆಟ್ಟಿನ ಮೊದಲ ಹಾರಾಟ. ಹಿಂದೆ ಇಂಥದ್ದನ್ನು ಕಂಡಿದ್ದೇವೆ ಎನ್ನಲು ಯಾರ ಬಳಿಯೂ ಅನುಭವ ಇರಲಿಲ್ಲ.

ಆದರೆ ನಾನು ಈ ಘಟನೆ ಹೇಳಿದ್ದು ಆಮೇಲೆ ನಡೆದದ್ದಕ್ಕಾಗಿ. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಪ್ರೊಫೆಸರ್ ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ಸೋತ ದಿನ ಪತ್ರಕರ್ತರ ಮುಂದೆ ಕಲಾಂ ಅವರನ್ನು ನಿಲ್ಲಿಸಲಿಲ್ಲ, ತಾವೇ ಹೋದರು. ಸೋಲನ್ನು ತಮ್ಮ ಮೇಲೆ ಹಾಕಿಕೊಂಡು, ನನ್ನ ತಂಡದ ಮೇಲೆ ನನಗೆ ನಂಬಿಕೆ ಇದೆ, ಮುಂದಿನ ಸಲ ಗೆಲ್ಲುತ್ತಾರೆ ಎಂದರು. 1980ರ ಜುಲೈ 18ರಂದು ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಧವನ್ ಅವರು ಪತ್ರಕರ್ತರ ಮುಂದೆ ಹೋಗಲು ಹೇಳಿದ್ದು ಕಲಾಂ ಅವರಿಗೆ.

ಇದು ಬರೀ ದೊಡ್ಡ ಮನಸ್ಸಿನ ಮಾತಲ್ಲ, ನಿರ್ಧಾರದ ವಿಷಯವೂ ಹೌದು. ತಪ್ಪಾದರೆ ನನ್ನನ್ನು ಬಲಿ ಕೊಡುತ್ತಾರೆ ಎಂದು ಗೊತ್ತಿರುವವನು ಕಂಡದ್ದನ್ನು ಕಂಡ ಹಾಗೆ ಹೇಳುವುದಿಲ್ಲ. ಸೋರಿಕೆ ಕಂಡರೂ ಬಾಯಿ ಬಿಡುವುದಿಲ್ಲ. ಮೇಲಿನವರು ಸೋಲಿನ ಹೊರೆ ಹೊತ್ತರೆ ಕೆಳಗಿನವರು ನಿಜ ಹೇಳುತ್ತಾರೆ. ನಿಜ ತಿಳಿದರೆ ಮುಂದಿನ ನಿರ್ಧಾರ ಸರಿಯಾಗುತ್ತದೆ. ಹನ್ನೊಂದು ತಿಂಗಳಲ್ಲಿ ಆ ತಂಡ ಗೆದ್ದದ್ದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಹಾಗಾದರೆ ಅನುಭವ ಇದ್ದವರ ಮಾತನ್ನೆಲ್ಲ ನಂಬಬಹುದೇ? ಹಿರಿಯರು ಬೇಸರ ಮಾಡಿಕೊಳ್ಳಬಾರದು, ನಂಬಬಾರದು. ಗ್ಯಾರಿ ಕ್ಲೈನ್ ಅನುಭವದ ಒಳನೋಟವನ್ನು ಮೆಚ್ಚುವವರು. ನೊಬೆಲ್ ಪ್ರಶಸ್ತಿ ಪಡೆದ ಡೇನಿಯಲ್ ಕಾನ್‌ಮನ್ ಅದನ್ನು ಸಂಶಯದಿಂದ ನೋಡುತ್ತಿದ್ದವರು. ಇವರಿಬ್ಬರೂ ಕೂಡಿ 2009ರಲ್ಲಿ ಒಂದು ಲೇಖನ ಬರೆದರು. ಅವರು ಒಪ್ಪಿಕೊಂಡದ್ದು ಇದು: ಅನುಭವದ ಒಳನೋಟ ನಂಬಿಕೆಗೆ ಅರ್ಹ ಆಗಬೇಕಾದರೆ ಎರಡು ಷರತ್ತು ಇವೆ. ಆ ಕೆಲಸದಲ್ಲಿ ಒಂದು ಕ್ರಮ, ಒಂದು ನಿಯಮ ಇರಬೇಕು. ಮತ್ತು ಮಾಡಿದ್ದು ಸರಿಯೋ ತಪ್ಪೋ ಎಂದು ಮತ್ತೆ ಮತ್ತೆ ತಿಳಿಯಲು ಅವಕಾಶ ಇರಬೇಕು.

ಇದನ್ನು ನಮ್ಮೂರಿನ ಲೆಕ್ಕದಲ್ಲಿ ನೋಡಿ. ಘಾಟಿಯಲ್ಲಿ ಇಪ್ಪತ್ತು ವರ್ಷ ಬಸ್ಸು ಓಡಿಸಿದವರ ಮಾತನ್ನು ಆ ರಸ್ತೆಯ ವಿಷಯದಲ್ಲಿ ನಂಬಬಹುದು. ಪ್ರತಿ ತಿರುವಿನಲ್ಲೂ ಅವರಿಗೆ ಉತ್ತರ ಸಿಕ್ಕಿದೆ. ಅಡಿಕೆ ಕೊಯ್ಲಿಗೆ ಬಂದಿದೆಯೋ ಇಲ್ಲವೋ ಎಂದು ಕೆಳಗಿನಿಂದಲೇ ನೋಡಿ ಹೇಳುವ ಅಜ್ಜನನ್ನು ನಂಬಬಹುದು. ಆದರೆ ಎರಡು ವರ್ಷದ ಮೇಲೆ ಅಡಿಕೆಗೆ ಇಷ್ಟೇ ಧಾರಣೆ ಬರುತ್ತದೆ ಎಂದು ಖಚಿತವಾಗಿ ಹೇಳುವವರನ್ನು, ಅವರಿಗೆ ಎಷ್ಟೇ ವಯಸ್ಸಾಗಿರಲಿ, ನಂಬಿ ಸಾಲ ಮಾಡಬಾರದು. ವಯಸ್ಸು ಬೇರೆ, ಅನುಭವ ಬೇರೆ. ಉತ್ತರ ಸಿಗದ ಕಡೆ ಎಷ್ಟು ವರ್ಷ ಕಳೆದರೂ ಕಲಿಕೆ ಆಗುವುದಿಲ್ಲ.

ನಮ್ಮ ಶಾಲೆಯಲ್ಲೇ ನಾನು ಕಂಡ ಒಂದು ನಿರ್ಧಾರವನ್ನು ಇಲ್ಲಿ ಹೇಳುತ್ತೇನೆ. ನಾನು ಆಗ ಒಂಬತ್ತನೇ ತರಗತಿ. ಮಳೆಗಾಲ. ಹಳ್ಳದ ಆಚೆಯಿಂದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಕಾಲುಸಂಕ ದಾಟಿ ಬರುತ್ತಿದ್ದೆವು. ಈಗ ಅಲ್ಲಿ ಸಿಮೆಂಟಿನ ಸೇತುವೆ ಆಗಿದೆ, ಚಿಕ್ಕ ಮಕ್ಕಳಿಗೆ ಆ ಕಾಲುಸಂಕ ಗೊತ್ತಿಲ್ಲ. ಅಂದು ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿ ಮಳೆ ಕಡಿಮೆಯೇ ಆಗಿತ್ತು. ಬೇಗ ಬಿಟ್ಟರೆ ದಾಟಿಬಿಡಬಹುದು ಎಂದು ನಮಗೆಲ್ಲ ಅನ್ನಿಸಿತ್ತು. ನಮ್ಮ ಮುಖ್ಯೋಪಾಧ್ಯಾಯರು ಬಯಲುಸೀಮೆಯವರು. ಅವರಿಗೆ ಹಳ್ಳದ ಅನುಭವ ಇರಲಿಲ್ಲ, ಆದರೆ ಇರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿ ಶಾಲೆಯ ಜವಾನರನ್ನು ಕರೆದು ಕೇಳಿದರು. ಆ ಜವಾನರು ಹುಟ್ಟಿದ್ದೇ ಹಳ್ಳದ ದಂಡೆಯಲ್ಲಿ. ಅವರು ಹೋಗಿ ನೋಡಿ ಬಂದು, "ನೀರು ಅಷ್ಟು ಏರಿಲ್ಲ ಸಾರ್. ಆದರೆ ಬಣ್ಣ ಬದಲಾಗಿದೆ, ಮೇಲಿನ ಕಾಡಿನ ಕಸಕಡ್ಡಿ ತೇಲಿ ಬರ್ತಾ ಇದೆ. ಮೇಲೆ ಹೊಯ್ದ ಮಳೆ ಇನ್ನೂ ಇಲ್ಲಿಗೆ ಬಂದಿಲ್ಲ" ಎಂದರು.

ಮೇಷ್ಟ್ರು ಆಚೆ ದಡದ ಮಕ್ಕಳನ್ನು ಬಿಡಲಿಲ್ಲ. ಶಾಲೆಯ ಹತ್ತಿರದ ಮನೆಗಳಿಗೆ ಮೂರು ನಾಲ್ಕು ಮಂದಿಯಂತೆ ಹಂಚಿದರು. ಸಂಜೆ ಆಚೆ ದಡದಲ್ಲಿ ಕೊಡೆ ಹಿಡಿದು ನಿಂತ ತಂದೆ ತಾಯಂದಿರು ಕೂಗಾಡಿದರು. ನೀರು ರಾತ್ರಿ ಏರಿತು, ಆದರೆ ಸಂಕ ಹೋಗಲಿಲ್ಲ. ಬೆಳಿಗ್ಗೆ ನೋಡಿದರೆ ಅದು ಹಾಗೇ ಇತ್ತು. "ಸುಮ್ಮನೆ ಹೆದರಿ ಮಕ್ಕಳನ್ನು ಕೂಡಿಹಾಕಿದ ಅಂಜುಬುರುಕ ಮೇಷ್ಟ್ರು" ಎಂದು ಊರಿನಲ್ಲಿ ಕೆಲವು ದಿನ ಮಾತಾಯಿತು.

ಇಷ್ಟು ವರ್ಷದ ಮೇಲೆ, ಈ ವಿಷಯವನ್ನೆಲ್ಲ ಓದಿದ ಮೇಲೆ, ನಾನು ಈ ಸಭೆಯಲ್ಲಿ ಹೇಳಲು ಬಯಸುತ್ತೇನೆ. ಅವರ ನಿರ್ಧಾರ ಸರಿಯಾಗಿತ್ತು. ಸಂಕ ಉಳಿಯಿತು ಎಂಬ ಕಾರಣಕ್ಕೆ ಅದು ತಪ್ಪಾಗುವುದಿಲ್ಲ. ಸಂಕ ಕೊಚ್ಚಿಹೋಗಿದ್ದರೆ ಅವರನ್ನು ಹೊತ್ತು ಮೆರೆಸುತ್ತಿದ್ದೆವು, ಆಗಲೂ ನಿರ್ಧಾರ ಅದೇ ಆಗಿರುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ಕೇಳಿದರು. ಕೇಳಿದ್ದನ್ನು ತೂಗಿದರು. ಒಂದು ಕಡೆ ಒಂದು ರಾತ್ರಿಯ ಅನಾನುಕೂಲ, ಇನ್ನೊಂದು ಕಡೆ ಮಗುವಿನ ಪ್ರಾಣ. ಒಂದನ್ನು ಮಾರನೇ ದಿನ ಸರಿಪಡಿಸಬಹುದು, ಇನ್ನೊಂದನ್ನು ಯಾವತ್ತೂ ಸರಿಪಡಿಸಲಾಗದು. ಅವರು ಸರಿಪಡಿಸಬಹುದಾದ ನಷ್ಟವನ್ನು ಆರಿಸಿಕೊಂಡರು. ಬೈಗುಳವನ್ನು ತಾವೇ ಕೇಳಿಸಿಕೊಂಡರು, ಜವಾನರ ಹೆಸರು ಎತ್ತಲಿಲ್ಲ. ಅಪಾಯ ತಪ್ಪಿಸಿದವರಿಗೆ ಸಾಕ್ಷಿ ಇರುವುದಿಲ್ಲ. ಫಲ ನೋಡಿ ಮಾತ್ರ ಮನುಷ್ಯರನ್ನು ಅಳೆಯುವ ಊರಿನಲ್ಲಿ ಮುಂದಿನ ಮೇಷ್ಟ್ರು ಮಕ್ಕಳನ್ನು ಬಿಟ್ಟುಬಿಡುತ್ತಾರೆ.

ಅವರು ಇನ್ನೂ ಒಂದು ಕೆಲಸ ಮಾಡಿದರು. ಮುಂದಿನ ಸಭೆಯಲ್ಲಿ ಊರಿನವರನ್ನು ಕೂರಿಸಿ, ಹಳ್ಳದ ಬಂಡೆಯ ಮೇಲೆ ಸುಣ್ಣದ ಗೆರೆ ಎಳೆಸಿದರು. ನೀರು ಆ ಗೆರೆ ಮುಟ್ಟಿದರೆ, ಅಥವಾ ಮೇಲಿನಿಂದ ಕಸಕಡ್ಡಿ ಬರತೊಡಗಿದರೆ, ಮಕ್ಕಳು ಈಚೆಗೇ ಉಳಿಯುವುದು ಎಂದು ಎಲ್ಲರೂ ಒಪ್ಪಿದರು. ಆಮೇಲೆ ಜಗಳ ಆಗಲಿಲ್ಲ. ಗಾರ್ಮನ್ ಅವರ ಕೈಬರಹದ ಪಟ್ಟಿಗೂ ಈ ಸುಣ್ಣದ ಗೆರೆಗೂ ನಾನು ವ್ಯತ್ಯಾಸ ಕಾಣುವುದಿಲ್ಲ.

ಮಕ್ಕಳೇ, ನಿಮಗೆ ಒಂದು ಮಾತು. ನಿರ್ಧಾರ ಮಾಡುವುದು ಹುಟ್ಟಿನಿಂದ ಬರುವ ಗುಣ ಅಲ್ಲ, ರೂಢಿಯಿಂದ ಬರುವುದು. ಆಟದ ತಂಡ ಆರಿಸುವುದು, ಶಾಲೆಯ ಕಾರ್ಯಕ್ರಮದ ಖರ್ಚು ನೋಡಿಕೊಳ್ಳುವುದು, ಮನೆಗೆ ಸಂತೆಯ ಸಾಮಾನು ತರುವುದು, ಇವುಗಳಲ್ಲಿ ನೀವೇ ತೀರ್ಮಾನ ಮಾಡಿ. ಮಾಡುವ ಮೊದಲು ಏನಾಗುತ್ತದೆ ಎಂದು ಅಂದುಕೊಂಡಿರಿ ಎನ್ನುವುದನ್ನು ಒಂದು ಸಾಲು ಬರೆದಿಡಿ. ಆಮೇಲೆ ಏನಾಯಿತು ಎಂದು ಪಕ್ಕದಲ್ಲಿ ಬರೆಯಿರಿ. ಬರೆಯದಿದ್ದರೆ ಮನಸ್ಸು ಮೋಸ ಮಾಡುತ್ತದೆ, ಹಾಗೇ ಆಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು ಎನ್ನುತ್ತದೆ. ತಂದೆ ತಾಯಂದಿರು ಮಕ್ಕಳಿಗೆ ಇಂಥ ಸಣ್ಣ ತೀರ್ಮಾನಗಳನ್ನು ಬಿಟ್ಟುಕೊಡಬೇಕು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಒಂದೂ ತೀರ್ಮಾನ ಮಾಡಗೊಡದೆ, ಫಲಿತಾಂಶ ಬಂದ ವಾರದಲ್ಲಿ "ವಿಜ್ಞಾನವೋ ವಾಣಿಜ್ಯವೋ ನೀನೇ ಹೇಳು" ಎಂದರೆ ಮಗು ಏನು ಹೇಳೀತು?

ಹಿರಿಯರಿಗೂ ಶಾಲಾಭಿವೃದ್ಧಿ ಸಮಿತಿಗೂ ಒಂದು ವಿನಂತಿ. ಮುಂದಿನ ಮಳೆಗಾಲಕ್ಕೆ ಮೊದಲು ಒಂದು ದಿನ ಕೂತು ಒಂದು ಪುಟ ಬರೆಯೋಣ. ಯಾರಿಗಾದರೂ ಹಾವು ಕಚ್ಚಿದರೆ ಅದಕ್ಕೆ ಔಷಧ ಇರುವ ಹತ್ತಿರದ ಆಸ್ಪತ್ರೆ ಯಾವುದು, 108 ಬರುವುದು ತಡವಾದರೆ ಯಾರ ವಾಹನ, ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಅಲುಗಾಡಿಸದೆ ಬೇಗ ಕರೆದೊಯ್ಯಬೇಕು ಎಂಬುದು. ರಾತ್ರಿ ಹೆರಿಗೆಗೆ ಯಾರಿಗೆ ಫೋನು ಮಾಡಬೇಕು. ಗಾಳಿ ಮಳೆಗೆ ಶಾಲೆಯ ಯಾವ ಕೋಣೆ ಖಾಲಿ ಮಾಡಬೇಕು, ಆ ಮಾತನ್ನು ಹೇಳುವ ಅಧಿಕಾರ ಯಾರದು, ಅವರು ಇಲ್ಲದಿದ್ದರೆ ಯಾರದು. ಇದನ್ನು ಬರೆದು ಶಾಲೆಯಲ್ಲಿ, ಪಂಚಾಯಿತಿಯಲ್ಲಿ, ಹಾಲಿನ ಡೈರಿಯಲ್ಲಿ ಅಂಟಿಸೋಣ. ವರ್ಷಕ್ಕೊಮ್ಮೆ ಮಕ್ಕಳಿಂದ ಅಭ್ಯಾಸ ಮಾಡಿಸೋಣ. ಬರೆಯುವ, ಅಚ್ಚು ಹಾಕಿಸುವ ಕೆಲಸವನ್ನು ನಮ್ಮ ಬ್ಯಾಚಿನವರು ವಹಿಸಿಕೊಳ್ಳುತ್ತೇವೆ. ಊರಿನ ವಿವರಗಳನ್ನು ನೀವು ಹೇಳಬೇಕು. ಇವತ್ತು ಊಟದ ನಂತರ ಸಮಿತಿಯವರು ಹತ್ತು ನಿಮಿಷ ಕೊಟ್ಟರೆ ಮೊದಲ ಸಾಲುಗಳನ್ನು ಇಲ್ಲೇ ಬರೆದುಕೊಂಡು ಹೋಗುತ್ತೇನೆ.